ಎಂಆರ್‌ಐನಲ್ಲಿ ಕಂಡ ಕಪ್ಪು ಚುಕ್ಕಿಗಳು: ಅಪ್ಪನ ಹೃದಯದ ಮಾತ್ರೆ ನಿಲ್ಲಿಸಬೇಕೇ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 68 ವರ್ಷ. ಹದಿನೈದು ವರ್ಷದಿಂದ ಬಿಪಿ ಇದೆ. ಮೂರು ವರ್ಷದ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಅವತ್ತಿನಿಂದ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮತ್ತು ಕೊಲೆಸ್ಟರಾಲ್ ಔಷಧಿ ಮೂರೂ ಸೇರಿದ ಒಂದು ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದಾರೆ. ಹೋದ ತಿಂಗಳು ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ತಲೆ ಗಿರ್ರನೆ ತಿರುಗಿತು. ಎಂಆರ್‌ಐ ಮಾಡಿಸಿದೆವು. ಎರಡೂ ಕಡೆಯ ಥಲಾಮಸ್ ಮತ್ತು ಬೇಸಲ್ ಗ್ಯಾಂಗ್ಲಿಯಾದಲ್ಲಿ ಏಳು, ಎಡ ಟೆಂಪೊರಲ್ ಭಾಗದಲ್ಲಿ ಒಂದು ಮೈಕ್ರೋಬ್ಲೀಡ್ ಇದೆ ಎಂದು ರಿಪೋರ್ಟ್ ಬಂದಿದೆ. ಒಬ್ಬ ವೈದ್ಯರು ರಕ್ತ ತೆಳು ಮಾಡುವ ಮಾತ್ರೆಯನ್ನು ತಕ್ಷಣ ನಿಲ್ಲಿಸಿ ಎಂದರು. ಇನ್ನೊಬ್ಬರು ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಳ್ಳುತ್ತದೆ ಎಂದರು. ಅಪ್ಪನಿಗೆ ಲಕ್ವ ಹೊಡೆಯುತ್ತದೆಯೇ? ಮರೆವಿನ ಕಾಯಿಲೆ ಬರುತ್ತದೆಯೇ? ಈ ಚುಕ್ಕಿಗಳನ್ನು ತೆಗೆಯಲು ಆಪರೇಷನ್ ಇದೆಯೇ? ಮುಂದೆ ನನಗೂ ಬರಬಹುದೇ?

ಉತ್ತರ: ತುಂಬಾ ಅವಸರದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕ್ಯಾಪ್ಸೂಲನ್ನು ನೀವಾಗಿ ನಿಲ್ಲಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ಹೃದ್ರೋಗ ತಜ್ಞರಿಗೆ ಫೋನ್ ಮಾಡಿ ಹೇಳಿ. ಹಾಗಂತ ಅದು ಈಗಿರುವಂತೆಯೇ ಜೀವನಪೂರ್ತಿ ನಡೆಯಲಿ ಎಂದೂ ನಾನು ಹೇಳುವುದಿಲ್ಲ. ಸ್ಟೆಂಟ್ ಹಾಕಿ ಮೂರು ವರ್ಷವಾದ ಮೇಲೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡೆರಡು ಔಷಧಿ ಬೇಕೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಚುಕ್ಕಿಗಳು ಏನೆಂದು ಗೊತ್ತಾಗದೆ ಆ ತೀರ್ಮಾನ ಅರ್ಥವಾಗುವುದಿಲ್ಲ.

ಮೆದುಳಿನ ಒಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಸಾವಿರಾರು ಇವೆ. ಗೋಡೆ ದುರ್ಬಲವಾದ ಇಂಥ ಒಂದು ನಾಳದಿಂದ ಒಂದಿಷ್ಟೇ ಇಷ್ಟು ರಕ್ತ ಹೊರಗೆ ಜಿನುಗುತ್ತದೆ. ಸೋರಿಕೆ ತಾನಾಗಿಯೇ ನಿಲ್ಲುತ್ತದೆ. ಮೆದುಳಿನ ಸ್ವಚ್ಛತಾ ಕೋಶಗಳು ಆ ರಕ್ತವನ್ನು ತಿಂದು ಹಾಕುತ್ತವೆ. ಆದರೆ ರಕ್ತದೊಳಗಿನ ಕಬ್ಬಿಣದ ಅಂಶ ಹೀಮೋಸಿಡೆರಿನ್ ಎಂಬ ರೂಪದಲ್ಲಿ ಅಲ್ಲೇ ಕೂತುಬಿಡುತ್ತದೆ. ಎಂಆರ್‌ಐ ಯಂತ್ರ ದೊಡ್ಡ ಅಯಸ್ಕಾಂತ ಅಲ್ವಾ? ಕಬ್ಬಿಣ ಇರುವ ಕಡೆ ಅದರ ಚಿತ್ರ ಕೆಡುತ್ತದೆ, ಕಪ್ಪಾಗುತ್ತದೆ. ನೀವು ರಿಪೋರ್ಟ್‌ನಲ್ಲಿ ‘ಮೈಕ್ರೋಬ್ಲೀಡ್’ ಎಂದು ಓದಿದ್ದು ಅದನ್ನೇ. ಗಾಯ ಮಾಸಿದ ಮೇಲೆ ಚರ್ಮದಲ್ಲಿ ಕಲೆ ಉಳಿಯುವಂತೆ, ಹಿಂದೆಂದೋ ಆಗಿ ನಿಂತುಹೋದ ಸೋರಿಕೆಯ ಗುರುತು ಇದು. ಈಗ ಅಲ್ಲಿ ರಕ್ತ ಹರಿಯುತ್ತಿಲ್ಲ. ಕೆಲವು ಚುಕ್ಕಿಗಳು ಐದು ವರ್ಷದ ಹಿಂದಿನವೂ ಇರಬಹುದು.

ಈ ಚುಕ್ಕಿಗಳ ಅಳತೆ ಸಾಮಾನ್ಯವಾಗಿ 2ರಿಂದ 10 ಮಿಲಿಮೀಟರ್ ಎಂದು ಬರೆಯುತ್ತಾರೆ. ನಿಜವಾದ ಗಾತ್ರ ಅದಕ್ಕಿಂತ ಚಿಕ್ಕದು. ಕಬ್ಬಿಣದ ಸುತ್ತ ಚಿತ್ರ ಹರಡಿಕೊಂಡು ದೊಡ್ಡದಾಗಿ ಕಾಣುತ್ತದೆ. ರಿಪೋರ್ಟ್‌ಗಳಲ್ಲಿ ಬರುವ ‘ಬ್ಲೂಮಿಂಗ್’ ಎಂಬ ಪದದ ಅರ್ಥ ಇಷ್ಟೇ. ಸಿಟಿ ಸ್ಕ್ಯಾನ್‌ನಲ್ಲಿ ಇವು ಕಾಣುವುದಿಲ್ಲ. ಮಾಮೂಲಿ ಎಂಆರ್‌ಐ ಚಿತ್ರಗಳಲ್ಲೂ ತಪ್ಪಿಹೋಗಬಹುದು. ಎಸ್‌ಡಬ್ಲ್ಯೂಐ ಅಥವಾ ಗ್ರೇಡಿಯಂಟ್ ಎಕೋ ಎಂಬ ವಿಶೇಷ ಬಗೆಯ ಚಿತ್ರ ತೆಗೆದರೆ ಮಾತ್ರ ಎದ್ದು ಕಾಣುತ್ತವೆ. ಹಾಗಾಗಿ 1990ರ ದಶಕಕ್ಕೆ ಮೊದಲು ಬದುಕಿರುವವರ ಮೆದುಳಿನಲ್ಲಿ ಇವನ್ನು ನೋಡಲು ದಾರಿಯೇ ಇರಲಿಲ್ಲ. ನಿಮ್ಮ ತಂದೆಯ ವಯಸ್ಸಿನಲ್ಲಿ ನಿಮ್ಮ ಅಜ್ಜನಿಗೂ ಇದ್ದಿರಬಹುದು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇದು ಅಪರೂಪವೂ ಅಲ್ಲ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಆರಾಮಾಗಿ ಮನೆಯಲ್ಲಿದ್ದ ಹಿರಿಯರನ್ನು ಕರೆದು ಸ್ಕ್ಯಾನ್ ಮಾಡಿದರು. 2008ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ 60ರಿಂದ 69 ವಯಸ್ಸಿನವರಲ್ಲಿ ಸುಮಾರು 18%, 80 ದಾಟಿದವರಲ್ಲಿ ಸುಮಾರು 38% ಜನರಿಗೆ ಕನಿಷ್ಠ ಒಂದು ಮೈಕ್ರೋಬ್ಲೀಡ್ ಇತ್ತು. ಇವರು ರೋಗಿಗಳಲ್ಲ, ಸಾಮಾನ್ಯ ಜನ. ಆದರೆ ಒಂದು ಚುಕ್ಕಿ ಇರುವುದಕ್ಕೂ ಎಂಟು ಇರುವುದಕ್ಕೂ ವ್ಯತ್ಯಾಸವಿದೆ. ನಿಮ್ಮ ತಂದೆಯದನ್ನು ‘ವಯಸ್ಸಾಯ್ತು, ಬಿಡಿ’ ಎಂದು ಪಕ್ಕಕ್ಕೆ ಇಡುವುದು ಸರಿಯಲ್ಲ.

ಹಾಗಾದರೆ ಯಾಕೆ ಬಂತು? ಇದಕ್ಕೆ ಚುಕ್ಕಿಗಳು ಎಲ್ಲಿವೆ ಎಂದು ನೋಡಬೇಕು. ಎಷ್ಟಿವೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಎಲ್ಲಿವೆ ಎಂಬುದನ್ನು ಕೇಳುವವರು ಕಡಿಮೆ. ನನಗೆ ಅದೇ ಮುಖ್ಯ.

ಥಲಾಮಸ್, ಬೇಸಲ್ ಗ್ಯಾಂಗ್ಲಿಯಾ, ಮೆದುಳಿನ ಕಾಂಡ, ಇವೆಲ್ಲ ಮೆದುಳಿನ ಆಳದ ಜಾಗಗಳು. ಇಲ್ಲಿಗೆ ರಕ್ತ ತರುವ ಸಣ್ಣ ನಾಳಗಳು ದೊಡ್ಡ ನಾಳದಿಂದ ನೇರವಾಗಿ ಕವಲೊಡೆದು ಬರುತ್ತವೆ. ದೊಡ್ಡ ನಾಳದ ಒತ್ತಡವೆಲ್ಲ ಇವುಗಳ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಇವುಗಳ ಗೋಡೆ ಗಡುಸಾಗುತ್ತದೆ, ಅಲ್ಲಲ್ಲಿ ಸವೆಯುತ್ತದೆ. ಒಂದು ಕಡೆ ಸೋರುತ್ತದೆ, ಇನ್ನೊಂದು ಕಡೆ ಮುಚ್ಚಿಕೊಳ್ಳುತ್ತದೆ. ಫ್ರಾನ್ಸ್‌ನ ಶಾರ್ಕೋ ಮತ್ತು ಬುಶಾರ್ ಎಂಬ ವೈದ್ಯರು 1868ರಲ್ಲೇ ಮೆದುಳಿನ ರಕ್ತಸ್ರಾವದಿಂದ ಸತ್ತವರಲ್ಲಿ ಈ ಸಣ್ಣ ನಾಳಗಳ ಮೇಲೆ ಪುಟ್ಟ ಪುಟ್ಟ ಉಬ್ಬುಗಳನ್ನು ನೋಡಿ ಬರೆದಿದ್ದರು. ಹದಿನೈದು ವರ್ಷದ ಬಿಪಿ, ಆಳದಲ್ಲಿ ಏಳು ಚುಕ್ಕಿ. ನಿಮ್ಮ ತಂದೆಯ ಕಥೆ ಇದಕ್ಕೇ ಹೊಂದುತ್ತದೆ.

ಚುಕ್ಕಿಗಳು ಮೆದುಳಿನ ಹೊರಪದರದ ಹತ್ತಿರ ಮಾತ್ರ ಇದ್ದಿದ್ದರೆ ನನ್ನ ಯೋಚನೆ ಬೇರೆ ಕಡೆ ಹೋಗುತ್ತಿತ್ತು. ತಲೆಯ ಹಿಂಭಾಗದ ಆಕ್ಸಿಪಿಟಲ್, ಪಕ್ಕದ ಟೆಂಪೊರಲ್ ಭಾಗಗಳಲ್ಲಿ ಅಂಥ ಚುಕ್ಕಿಗಳು ಜಾಸ್ತಿ. ಅಮೈಲಾಯ್ಡ್ ಎಂಬ ಪ್ರೋಟೀನ್ ಹೊರಪದರದ ನಾಳಗಳ ಗೋಡೆಯಲ್ಲಿ ಸೇರಿಕೊಂಡು ಅವನ್ನು ಪೆಡಸು ಮಾಡುವ ಕಾಯಿಲೆ ಒಂದಿದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಗಂಟುಗಂಟಾಗಿ ಕೂರುವುದೂ ಇದೇ ಅಮೈಲಾಯ್ಡ್. ವಯಸ್ಸಾದವರಲ್ಲಿ ಕಾಣುವ ಈ ಕಾಯಿಲೆಯನ್ನು ಗುರುತಿಸಲು ಬೋಸ್ಟನ್ ಮಾನದಂಡ ಎಂಬ ಅಳತೆಗೋಲು ಬಳಸುತ್ತೇವೆ. ಅದರ ಹೊಸ ಆವೃತ್ತಿ 2022ರಲ್ಲಿ ಬಂದಿದೆ. ಈ ಗುಂಪಿನವರಿಗೆ ಮುಂದೆ ದೊಡ್ಡ ರಕ್ತಸ್ರಾವ ಆಗುವ ಭಯ ಹೆಚ್ಚು. ರಕ್ತ ತೆಳು ಮಾಡುವ ಔಷಧಿ ವಿಷಯದಲ್ಲಿ ಇವರಲ್ಲಿ ನಾವು ತುಂಬಾ ಬಿಗಿಯಾಗಿರುತ್ತೇವೆ.

ನಿಮ್ಮ ತಂದೆಗೆ ಟೆಂಪೊರಲ್ ಭಾಗದಲ್ಲೂ ಒಂದಿದೆಯಲ್ಲ? ಆಳದಲ್ಲೂ ಇದ್ದು ಹೊರಗೂ ಇದ್ದರೆ ಅದನ್ನು ಮಿಶ್ರ ಎನ್ನುತ್ತೇವೆ. ಇಂಥವರಲ್ಲಿ ಬಹುತೇಕ ಬಿಪಿಯೇ ಮೂಲ. ಆ ಒಂದು ಚುಕ್ಕಿಯನ್ನು ನೋಡಿ ಅಮೈಲಾಯ್ಡ್ ಎಂದು ಹೆದರಬೇಡಿ.

ಇವೆರಡು ಬಿಟ್ಟು ಬೇರೆ ಕಾರಣಗಳೂ ಇವೆ. ಬೈಕ್‌ನಿಂದ ಬಿದ್ದು ತಲೆಗೆ ಜೋರು ಪೆಟ್ಟಾದವರಲ್ಲಿ, ಹೃದಯದ ಕವಾಟಕ್ಕೆ ಸೋಂಕು ತಗುಲಿದವರಲ್ಲಿ, ತಲೆಗೆ ರೇಡಿಯೇಷನ್ ತೆಗೆದುಕೊಂಡವರಲ್ಲಿ, ಕಿಡ್ನಿ ಕೆಟ್ಟು ಡಯಾಲಿಸಿಸ್‌ನಲ್ಲಿರುವವರಲ್ಲಿ ಇವು ಕಾಣುತ್ತವೆ. ಮೆದುಳಿಗೆ ಏರಿದ ಮಲೇರಿಯಾದಲ್ಲೂ ಕಾಣುತ್ತವೆ. ನಿಮ್ಮ ತಂದೆಗೆ ಜ್ವರವಿಲ್ಲ, ಪೆಟ್ಟಿಲ್ಲ. ಆದರೆ ಕಿಡ್ನಿ ಪರೀಕ್ಷೆ, ಅಂದರೆ ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಪ್ರೋಟೀನ್, ಖಂಡಿತ ಮಾಡಿಸಿ. ಬಿಪಿ ಮೆದುಳಿನ ಸಣ್ಣ ನಾಳಗಳನ್ನು ಕೆಡಿಸಿದ್ದರೆ ಕಿಡ್ನಿಯ ಸಣ್ಣ ನಾಳಗಳನ್ನು ಬಿಟ್ಟಿರುವುದಿಲ್ಲ. ಕಣ್ಣಿನ ಹಿಂಪರದೆಯನ್ನೂ ಒಮ್ಮೆ ತೋರಿಸಿ.

ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಮಾತು ಇಲ್ಲಿ ಸೇರಿಸಬೇಕು. ಎಸ್‌ಡಬ್ಲ್ಯೂಐನಲ್ಲಿ ಕಪ್ಪಾಗಿ ಕಂಡದ್ದೆಲ್ಲ ರಕ್ತವಲ್ಲ. ಸುಣ್ಣಗಟ್ಟಿದ ಜಾಗವೂ ಕಪ್ಪಾಗಿಯೇ ಕಾಣುತ್ತದೆ. ಭಾರತದಲ್ಲಿ ಲಾಡಿಹುಳುವಿನ ಮರಿಗಳು ಮೆದುಳಿಗೆ ಹೋಗಿ ಸತ್ತು ಸುಣ್ಣಗಟ್ಟುವ ನ್ಯೂರೋಸಿಸ್ಟಿಸರ್ಕೋಸಿಸ್ ಕಡಿಮೆಯೇನಿಲ್ಲ. ಹೊರಪದರದಲ್ಲಿ ಒಂದೆರಡು ಚುಕ್ಕಿ ಇದ್ದು, ಹಿಂದೆ ಫಿಟ್ಸ್ ಬಂದ ಇತಿಹಾಸವಿದ್ದರೆ ಇದು ನೆನಪಾಗಬೇಕು. ಸಿಟಿ ಸ್ಕ್ಯಾನ್ ಮಾಡಿದರೆ ಸುಣ್ಣ ಬಿಳಿಯಾಗಿ ಹೊಳೆಯುತ್ತದೆ, ಮೈಕ್ರೋಬ್ಲೀಡ್ ಕಾಣುವುದೇ ಇಲ್ಲ. ಎಂಆರ್‌ಐನಲ್ಲೇ ತೆಗೆಯುವ ‘ಫೇಸ್’ (phase) ಎಂಬ ಬಗೆಯ ಚಿತ್ರಗಳಲ್ಲೂ ಕಬ್ಬಿಣ ಮತ್ತು ಸುಣ್ಣವನ್ನು ಬೇರೆ ಮಾಡಬಹುದು. ಅನುಭವಿ ರೇಡಿಯಾಲಜಿಸ್ಟ್ ಇದನ್ನು ನೋಡಿಯೇ ಬರೆದಿರುತ್ತಾರೆ. ಆದರೂ ನರರೋಗ ತಜ್ಞರ ಹತ್ತಿರ ಹೋಗುವಾಗ ರಿಪೋರ್ಟ್ ಒಂದೇ ಸಾಲದು. ಸಿಡಿಯನ್ನೂ ತೆಗೆದುಕೊಂಡು ಹೋಗಿ. ಚಿತ್ರಗಳನ್ನು ಅವರೇ ಕಣ್ಣಾರೆ ನೋಡಲಿ.

ಈಗ ತಲೆಸುತ್ತಿನ ವಿಷಯ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಗಿರ್ರನೆ ತಿರುಗಿ, ಅರ್ಧ ಒಂದು ನಿಮಿಷದಲ್ಲಿ ನಿಂತುಹೋಗುವ ತಲೆಸುತ್ತು ಬಹುತೇಕ ಒಳಕಿವಿಯದು. ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದಾಗ ಹೀಗಾಗುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಮಲಗಿಸುವ ಎಪ್ಲಿ ವಿಧಾನದಿಂದ ವೈದ್ಯರು ಕ್ಲಿನಿಕ್‌ನಲ್ಲೇ ಸರಿಪಡಿಸಬಹುದು. ಥಲಾಮಸ್‌ನ ಚುಕ್ಕಿಗಳಿಂದ ಇಂಥ ತಲೆಸುತ್ತು ಬರುವುದಿಲ್ಲ. ಅಂದರೆ ಕಿವಿಯ ತೊಂದರೆಗೆ ಸ್ಕ್ಯಾನ್ ಮಾಡಿಸಿದಿರಿ, ಮೆದುಳಿನಲ್ಲಿ ಇದ್ದ ಬೇರೆ ಸಂಗತಿ ಬೆಳಕಿಗೆ ಬಂತು. ಬಹಳಷ್ಟು ಜನರಲ್ಲಿ ಮೈಕ್ರೋಬ್ಲೀಡ್ ಸಿಗುವುದು ಹೀಗೇ. ತಲೆಸುತ್ತು ವಾಸಿಯಾಯಿತು ಎಂದು ಚುಕ್ಕಿಗಳನ್ನು ಮರೆಯುವುದೂ ಬೇಡ. ಚುಕ್ಕಿಗಳಿವೆ ಎಂದು ತಲೆಸುತ್ತಿಗೆ ಚಿಕಿತ್ಸೆ ಬಿಡುವುದೂ ಬೇಡ. ವಯಸ್ಸಾದವರು ಸುತ್ತು ಬಂದು ಬಿದ್ದರೆ ಅದೇ ಇನ್ನೊಂದು ಅಪಾಯ.

ಲಕ್ವ ಹೊಡೆಯುತ್ತದೆಯೇ ಎಂದು ಕೇಳಿದ್ದೀರಿ. ಮೈಕ್ರೋಬ್ಲೀಡ್ ಇದ್ದವರಿಗೆ ಮುಂದೆ ಸ್ಟ್ರೋಕ್ ಆಗುವ ಸಾಧ್ಯತೆ ಇಲ್ಲದವರಿಗಿಂತ ಹೆಚ್ಚು. ಆದರೆ ಯಾವ ಸ್ಟ್ರೋಕ್? ರಕ್ತ ಸೋರಿದ ಗುರುತು ಕಂಡಾಗ ಎಲ್ಲರೂ ಮುಂದಿನದೂ ರಕ್ತಸ್ರಾವವೇ ಎಂದುಕೊಳ್ಳುತ್ತಾರೆ. ಅಂಕಿಗಳು ಹಾಗೆ ಹೇಳುವುದಿಲ್ಲ. 2019ರಲ್ಲಿ ಹಲವು ದೇಶಗಳ 38 ಅಧ್ಯಯನಗಳ 20,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟು ಸೇರಿಸಿ ನೋಡಿದರು. ಇವರೆಲ್ಲ ಆಗಲೇ ಒಮ್ಮೆ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಅಥವಾ ಮಿನಿ ಸ್ಟ್ರೋಕ್ ಆದವರು. ಹತ್ತು ಅಥವಾ ಹೆಚ್ಚು ಮೈಕ್ರೋಬ್ಲೀಡ್ ಇದ್ದವರಲ್ಲಿ, ಒಂದು ವರ್ಷದಲ್ಲಿ ಪ್ರತಿ 1,000 ಜನರಿಗೆ 27 ಮಂದಿಗೆ ಮೆದುಳಿನ ರಕ್ತಸ್ರಾವವಾಯಿತು. ಅದೇ ಗುಂಪಿನಲ್ಲಿ 64 ಮಂದಿಗೆ ನಾಳ ಮುಚ್ಚಿಕೊಂಡು ಸ್ಟ್ರೋಕ್ ಆಯಿತು. ಇಪ್ಪತ್ತಕ್ಕಿಂತ ಜಾಸ್ತಿ ಚುಕ್ಕಿ ಇದ್ದವರಲ್ಲೂ ಹೆಪ್ಪುಗಟ್ಟುವ ಸ್ಟ್ರೋಕೇ ಮುಂದಿತ್ತು. ನಿಮ್ಮ ತಂದೆಗೆ ಸ್ಟ್ರೋಕ್ ಆಗಿಯೇ ಇಲ್ಲ, ಆದ್ದರಿಂದ ಈ ಸಂಖ್ಯೆಗಳನ್ನು ಅವರಿಗೆ ಹಾಗೇ ಅಂಟಿಸಬೇಡಿ. ಅವರ ಅಪಾಯ ಇದಕ್ಕಿಂತ ಕಡಿಮೆಯೇ ಇರುತ್ತದೆ. ಆದರೆ ಈ ಲೆಕ್ಕ ತೋರಿಸುವ ದಿಕ್ಕನ್ನು ಗಮನಿಸಿ. ಸೋರುವ ನಾಳವೇ ಮುಚ್ಚಿಕೊಳ್ಳುವ ನಾಳವೂ ಹೌದು. ಸೋರುವಿಕೆಗೆ ಮಾತ್ರ ಹೆದರಿ ಮಾತ್ರೆಯನ್ನೆಲ್ಲ ಕಿತ್ತುಹಾಕಿದರೆ, ಹೆಚ್ಚು ಸಾಮಾನ್ಯವಾದ ಇನ್ನೊಂದು ಅಪಾಯಕ್ಕೆ ಬಾಗಿಲು ತೆರೆದ ಹಾಗೆ.

ಇದೇ ಕಾರಣಕ್ಕೆ ‘ತಕ್ಷಣ ನಿಲ್ಲಿಸಿ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬ್ರಿಟನ್‌ನಲ್ಲಿ ರೀಸ್ಟಾರ್ಟ್ ಎಂಬ ಪ್ರಯೋಗ ನಡೆಯಿತು. ಇದರಲ್ಲಿ ಇದ್ದವರು ಮೈಕ್ರೋಬ್ಲೀಡ್ ಅಲ್ಲ, ದೊಡ್ಡ ಮೆದುಳಿನ ರಕ್ತಸ್ರಾವವೇ ಆಗಿ ಬದುಕುಳಿದ 537 ಜನ. ಹೃದಯ ಅಥವಾ ನಾಳದ ಕಾಯಿಲೆಗೆ ಆಸ್ಪಿರಿನ್ ಥರದ ಮಾತ್ರೆ ಮೊದಲೇ ತೆಗೆದುಕೊಳ್ಳುತ್ತಿದ್ದವರು. ಅರ್ಧ ಜನರಿಗೆ ಆ ಮಾತ್ರೆ ಮತ್ತೆ ಶುರು ಮಾಡಿದರು, ಉಳಿದವರಿಗೆ ಮಾಡಲಿಲ್ಲ. 2019ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ಶುರು ಮಾಡಿದ 268 ಜನರಲ್ಲಿ 12 ಮಂದಿಗೆ, ಮಾಡದ 268 ಜನರಲ್ಲಿ 23 ಮಂದಿಗೆ ಮತ್ತೆ ರಕ್ತಸ್ರಾವವಾಗಿತ್ತು. ಮಾತ್ರೆಯಿಂದ ರಕ್ಷಣೆ ಸಿಗುತ್ತದೆ ಎಂದು ಇದರಿಂದ ಹೇಳಲಾಗದು. ಆದರೆ ಎಲ್ಲರೂ ಹೆದರಿದಷ್ಟು ಹಾನಿ ಅದರಿಂದ ಆಗಲಿಲ್ಲ ಎಂಬುದು ಸ್ಪಷ್ಟ. ದೊಡ್ಡ ರಕ್ತಸ್ರಾವ ಆದವರಲ್ಲೇ ಹೀಗೆ ಎಂದ ಮೇಲೆ, ಸ್ಟೆಂಟ್ ಇರುವ ನಿಮ್ಮ ತಂದೆಗೆ ಎಂಟು ಚುಕ್ಕಿ ಕಂಡಿತು ಎಂದು ಆಸ್ಪಿರಿನ್ ಕಿತ್ತುಕೊಳ್ಳಲು ಆಧಾರವಿಲ್ಲ.

ಆದರೆ ಎರಡು ಮಾತ್ರೆಯ ಪ್ರಶ್ನೆ ಬೇರೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿದಾಗ ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್ ಅಥವಾ ಅಂಥದೇ ಇನ್ನೊಂದನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಆಮೇಲೆ ಬಹಳಷ್ಟು ಜನರಿಗೆ ಒಂದೇ ಸಾಕು. ನಮ್ಮಲ್ಲಿ ಆಗುವುದೇನೆಂದರೆ, ಮೂರು ಔಷಧಿ ಒಂದೇ ಕ್ಯಾಪ್ಸೂಲ್‌ನಲ್ಲಿ ಇರುವುದರಿಂದ ಒಳಗೆ ಎರಡು ರಕ್ತ ತೆಳು ಮಾಡುವ ಔಷಧಿ ಇದೆ ಎಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಹಳೆಯ ಚೀಟಿ ತೋರಿಸಿ ಅದನ್ನೇ ವರ್ಷಾನುಗಟ್ಟಲೆ ತರುತ್ತಾರೆ. ಎರಡು ಸೇರಿದರೆ ರಕ್ತಸ್ರಾವದ ಅಪಾಯ ಒಂದಕ್ಕಿಂತ ಖಂಡಿತ ಜಾಸ್ತಿ. ಹಾಗಾಗಿ ಹೃದ್ರೋಗ ತಜ್ಞರಿಗೆ ಎಂಆರ್‌ಐ ರಿಪೋರ್ಟ್ ತೋರಿಸಿ, ಒಂದೇ ಸಾಲು ಕೇಳಿ: ‘ಸ್ಟೆಂಟ್ ಹಾಕಿ ಮೂರು ವರ್ಷವಾಗಿದೆ, ಮೆದುಳಿನಲ್ಲಿ ಮೈಕ್ರೋಬ್ಲೀಡ್ ಇದೆ, ಈಗ ಒಂದೇ ಔಷಧಿಗೆ ಇಳಿಸಬಹುದೇ?’ ಸ್ಟೆಂಟ್ ಯಾವ ನಾಳದಲ್ಲಿದೆ, ಎಷ್ಟು ಉದ್ದವಿದೆ, ಬೇರೆ ಬ್ಲಾಕ್ ಇದೆಯೇ ಎಂಬುದು ಅವರಿಗೆ ಗೊತ್ತು. ತೀರ್ಮಾನ ಅವರದು. ನನ್ನ ಅಂದಾಜಿನಲ್ಲಿ ಅವರು ಒಂದಕ್ಕೆ ಇಳಿಸುತ್ತಾರೆ. ಕ್ಯಾಪ್ಸೂಲ್ ಬದಲಾಯಿಸಿದಾಗ ಅದರ ಜೊತೆಗಿರುವ ಕೊಲೆಸ್ಟರಾಲ್ ಔಷಧಿ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅದು ಹೃದಯಕ್ಕೆ ಬೇಕೇ ಬೇಕು.

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದಿಷ್ಟು. ಎದೆಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದವರು ವಾರ್ಫರಿನ್, ಅಸಿಟ್ರೋಮ್ ಅಥವಾ ಅಪಿಕ್ಸಬ್ಯಾನ್ ಥರದ ಇನ್ನೂ ಬಲವಾದ ಔಷಧಿ ತೆಗೆದುಕೊಳ್ಳುತ್ತಾರೆ. ಇವರಲ್ಲಿ ಮೈಕ್ರೋಬ್ಲೀಡ್ ಕಂಡರೆ ಲೆಕ್ಕಾಚಾರ ಸೂಕ್ಷ್ಮ. ಬ್ರಿಟನ್‌ನ ಕ್ರೋಮಿಸ್-2 ಅಧ್ಯಯನದಲ್ಲಿ ಇಂಥ ಔಷಧಿ ಶುರು ಮಾಡಿದವರನ್ನು ಗಮನಿಸಿದಾಗ, ಮೈಕ್ರೋಬ್ಲೀಡ್ ಇದ್ದವರಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 10 ಮಂದಿಗೆ, ಇಲ್ಲದವರಲ್ಲಿ ಸುಮಾರು 3 ಮಂದಿಗೆ ಮೆದುಳಿನ ರಕ್ತಸ್ರಾವವಾಯಿತು. ವ್ಯತ್ಯಾಸ ದೊಡ್ಡದು. ಆದರೂ ಔಷಧಿ ಇಲ್ಲದಿದ್ದರೆ ಹೃದಯದಿಂದ ಹೆಪ್ಪು ಹಾರಿ ಬರುವ ಸ್ಟ್ರೋಕ್‌ನ ಅಪಾಯ ಬಹಳಷ್ಟು ಜನರಲ್ಲಿ ಇದಕ್ಕಿಂತ ಹೆಚ್ಚು. ಅಪಿಕ್ಸಬ್ಯಾನ್ ಥರದ ಹೊಸ ಔಷಧಿಗಳಲ್ಲಿ ಮೆದುಳಿನ ರಕ್ತಸ್ರಾವ ವಾರ್ಫರಿನ್‌ಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಲೋಹದ ಕವಾಟ ಹಾಕಿಸಿಕೊಂಡವರು, ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ಹೊಸ ಔಷಧಿಗೆ ಬದಲಾಯಿಸಿಕೊಳ್ಳುವಂತಿಲ್ಲ. ನಮ್ಮ ಜಿಲ್ಲೆಗಳಲ್ಲಿ ಇಂಥವರು ಇನ್ನೂ ಬಹಳ ಇದ್ದಾರೆ. ಇವರು ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ತಪ್ಪಿಸಬಾರದು. ಮೈಕ್ರೋಬ್ಲೀಡ್ ಇದ್ದು ಐಎನ್‌ಆರ್ ಐದಕ್ಕೆ ಏರುವುದಕ್ಕೂ ಎರಡೂವರೆಯಲ್ಲಿ ನಿಲ್ಲುವುದಕ್ಕೂ ಅಜಗಜಾಂತರ.

ಇನ್ನು ಚಿಕಿತ್ಸೆ. ಚುಕ್ಕಿಗಳನ್ನು ಅಳಿಸುವ ಮಾತ್ರೆ ಇಲ್ಲ, ಆಪರೇಷನ್ ಇಲ್ಲ, ಬೇಕಾಗಿಯೂ ಇಲ್ಲ. ಯಾರಾದರೂ ಇಂಜೆಕ್ಷನ್ ಕೊಟ್ಟು ಕರಗಿಸುತ್ತೇವೆ ಎಂದರೆ ದುಡ್ಡು ಕೊಡಬೇಡಿ. ಚಿಕಿತ್ಸೆ ಬೇಕಿರುವುದು ನಾಳಗಳಿಗೆ. ಆ ಚಿಕಿತ್ಸೆಯ ಹೆಸರು ಬಿಪಿ ನಿಯಂತ್ರಣ. ಇದನ್ನು ಕೇಳಿ ಹಲವರಿಗೆ ನಿರಾಸೆಯಾಗುತ್ತದೆ. ‘ಬಿಪಿ ಮಾತ್ರೆ ಆಗಲೇ ನಡೆಯುತ್ತಿದೆಯಲ್ಲ’ ಎನ್ನುತ್ತಾರೆ. ಮಾತ್ರೆ ನುಂಗುವುದು ಬೇರೆ, ಬಿಪಿ ಹಿಡಿತದಲ್ಲಿರುವುದು ಬೇರೆ. ಪ್ರೋಗ್ರೆಸ್ ಎಂಬ ದೊಡ್ಡ ಅಧ್ಯಯನದಲ್ಲಿ ಸ್ಟ್ರೋಕ್ ಆದ 6,105 ಜನರಲ್ಲಿ ಬಿಪಿ ಇಳಿಸಿದಾಗ ಮೆದುಳಿನ ರಕ್ತಸ್ರಾವ ಅರ್ಧಕ್ಕೆ ಇಳಿಯಿತು. ಸಣ್ಣ ನಾಳದ ಸ್ಟ್ರೋಕ್ ಆದವರ ಇನ್ನೊಂದು ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 130ಕ್ಕಿಂತ ಕೆಳಗೆ ತಂದವರಲ್ಲಿ ಮೆದುಳಿನ ರಕ್ತಸ್ರಾವ 63% ಕಡಿಮೆಯಾಗಿತ್ತು. ಮೈಕ್ರೋಬ್ಲೀಡ್ ಇರುವವರಿಗೆ ಇಷ್ಟು ಲಾಭ ಕೊಡುವ ಬೇರೆ ಯಾವ ಔಷಧಿಯನ್ನೂ ನಾನು ಬರೆದುಕೊಡಲಾರೆ.

ನಿಮ್ಮ ತಂದೆಗೆ ಗುರಿ 130/80ಕ್ಕಿಂತ ಕೆಳಗೆ. 140 ಬಂತು, ವಯಸ್ಸಿಗೆ ಇದು ಸರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮನೆಯಲ್ಲಿ ಒಂದು ಡಿಜಿಟಲ್ ಬಿಪಿ ಯಂತ್ರ ಇಟ್ಟುಕೊಳ್ಳಿ. ತೋಳಿಗೆ ಸುತ್ತುವುದೇ ಇರಲಿ, ಮಣಿಕಟ್ಟಿನದು ಬೇಡ. ಬೆಳಿಗ್ಗೆ ಮೂತ್ರ ಮಾಡಿ ಬಂದು, ಕಾಫಿ ಮತ್ತು ಮಾತ್ರೆಗೆ ಮೊದಲು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಿಸಿ. ಕಾಲು ನೆಲಕ್ಕೆ ಊರಿರಲಿ. ಕೈ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ ಇರಲಿ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ರಾತ್ರಿ ಮಲಗುವ ಮೊದಲು ಇನ್ನೆರಡು ಸಲ. ಒಂದು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿ. ಕ್ಲಿನಿಕ್‌ನಲ್ಲಿ ಒಂದು ಸಲ ನೋಡಿದ ಬಿಪಿಗಿಂತ ಈ ಚೀಟಿ ನನಗೆ ಹೆಚ್ಚು ಉಪಯೋಗ. ನಿಂತು ಒಂದು ನಿಮಿಷವಾದ ಮೇಲೂ ಒಮ್ಮೆ ನೋಡಿ. ನಿಂತಾಗ 20ರಷ್ಟು ಕುಸಿದರೆ ಮಾತ್ರೆ ಏರಿಸುವ ಮೊದಲು ಅದನ್ನು ವೈದ್ಯರಿಗೆ ಹೇಳಲೇಬೇಕು. ಬಿಪಿಯನ್ನು ಧಡಕ್ಕನೆ ಇಳಿಸುವುದೂ ಬೇಡ. ಕೆಲವು ವಾರಗಳಲ್ಲಿ ನಿಧಾನವಾಗಿ ಇಳಿಯಲಿ.

‘ನಾರ್ಮಲ್ ಬಂತು’ ಎಂದು ಮಾತ್ರೆ ಬಿಡುವುದು ನಮ್ಮಲ್ಲಿ ದೊಡ್ಡ ಸಮಸ್ಯೆ. ನಾರ್ಮಲ್ ಬಂದದ್ದು ಮಾತ್ರೆಯಿಂದ. ಎರಡು ವಾರ ಬಿಟ್ಟರೆ 180ಕ್ಕೆ ಹೋಗಿ ಕೂರುತ್ತದೆ, ಆಗ ತಲೆನೋವೂ ಬರದಿರಬಹುದು. ಮದುವೆ, ಜಾತ್ರೆ, ತೀರ್ಥಯಾತ್ರೆಗೆ ಹೋಗುವಾಗ ಮಾತ್ರೆಯ ಡಬ್ಬಿ ಮನೆಯಲ್ಲೇ ಉಳಿಯದಂತೆ ನೋಡಿಕೊಳ್ಳಿ. ಅಂದ ಹಾಗೆ ಪ್ರಯಾಣಕ್ಕೆ ತಡೆಯಿಲ್ಲ. ವಿಮಾನವನ್ನೂ ಹತ್ತಬಹುದು. ದಿನಾ ಅರ್ಧ ಗಂಟೆ ನಡಿಗೆ ಒಳ್ಳೆಯದು.

ಉಪ್ಪಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಬೆಂಗಳೂರಿನಲ್ಲಿರುವ ಐಸಿಎಂಆರ್‌ನ ಸಂಶೋಧನಾ ಕೇಂದ್ರದ ದೇಶವ್ಯಾಪಿ ಸಮೀಕ್ಷೆಯ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಾವು ಸರಾಸರಿ 8 ಗ್ರಾಂ ತಿನ್ನುತ್ತೇವೆ. ಸಾರಿಗೆ ಉಪ್ಪು ಕಡಿಮೆ ಮಾಡಿ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ ಇಟ್ಟರೆ ಪ್ರಯೋಜನವಿಲ್ಲ. ಮಜ್ಜಿಗೆಗೆ ಹಾಕುವ ಉಪ್ಪನ್ನೂ ಲೆಕ್ಕ ಹಿಡಿಯಿರಿ. ಸೈಂಧವ ಲವಣ ಒಳ್ಳೆಯದು ಎಂದು ಹಲವರು ಬದಲಾಯಿಸಿದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಬಿಪಿಗೆ ವ್ಯತ್ಯಾಸವಿಲ್ಲ. ಪೊಟ್ಯಾಸಿಯಂ ಸೇರಿಸಿದ ಕಡಿಮೆ ಸೋಡಿಯಂ ಉಪ್ಪು ನಿಜಕ್ಕೂ ಕೆಲಸ ಮಾಡುತ್ತದೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದರಿಂದ ಸ್ಟ್ರೋಕ್ 14% ಇಳಿಯಿತು. ಆದರೆ ಕಿಡ್ನಿ ಸರಿ ಇಲ್ಲದವರಿಗೆ, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇದರಿಂದ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ವೈದ್ಯರನ್ನು ಕೇಳದೆ ತರಬೇಡಿ.

ಬೀಡಿ, ಸಿಗರೇಟು, ಹೆಂಡ ಇದ್ದರೆ ನಿಲ್ಲಬೇಕು. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಂತಂತಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಬಿಪಿ ಹಿಡಿತಕ್ಕೆ ಬರುವುದು ಕಷ್ಟ. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ. ಅವು ಬಿಪಿ ಏರಿಸುತ್ತವೆ, ಆಸ್ಪಿರಿನ್ ಜೊತೆ ಸೇರಿ ರಕ್ತಸ್ರಾವದ ಅಪಾಯವನ್ನೂ ಹೆಚ್ಚಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಮರೆವಿನ ಬಗ್ಗೆ ಕೇಳಿದ್ದೀರಿ. ಒಂದೊಂದು ಚುಕ್ಕಿಯಿಂದ ನೆನಪು ಹೋಗುವುದಿಲ್ಲ. ಆದರೆ ಸಣ್ಣ ನಾಳಗಳ ಕಾಯಿಲೆ ಮೆದುಳಿನಲ್ಲೆಲ್ಲ ಹರಡಿದಾಗ ಯೋಚನೆಯ ವೇಗ ಕುಗ್ಗುತ್ತದೆ. ಲೆಕ್ಕ ನಿಧಾನವಾಗುತ್ತದೆ, ಎರಡು ಕೆಲಸ ಒಟ್ಟಿಗೆ ಮಾಡಲು ತಡವರಿಸುತ್ತಾರೆ. ನಡಿಗೆಯ ಹೆಜ್ಜೆ ಚಿಕ್ಕದಾಗುತ್ತದೆ. ಕೆಲವರು ಮೊದಲಿನ ಉತ್ಸಾಹ ಕಳೆದುಕೊಂಡು ಮಂಕಾಗುತ್ತಾರೆ. ಮನೆಯವರು ಇದನ್ನು ವಯಸ್ಸಿಗೆ ಹಾಕಿಬಿಡುತ್ತಾರೆ. ನಿಮ್ಮ ಎಂಆರ್‌ಐನಲ್ಲಿ ಬಿಳಿ ಭಾಗದ ಬದಲಾವಣೆ, ಲ್ಯಾಕುನ್ ಎಂಬ ಸಣ್ಣ ಗುಳಿಗಳು ಇವೆಯೇ ಎಂದು ರಿಪೋರ್ಟ್‌ನಲ್ಲಿ ಮತ್ತೊಮ್ಮೆ ನೋಡಿ. ಅವು ಇದ್ದರೆ ಚುಕ್ಕಿಗಳ ಜೊತೆ ಸೇರಿಸಿ ಓದಬೇಕು. ತಂದೆಯವರಿಗೆ ಈಗ ಯಾವ ತೊಂದರೆಯೂ ಕಾಣದಿದ್ದರೂ ಒಮ್ಮೆ ನೆನಪು ಮತ್ತು ಯೋಚನೆಯ ಪರೀಕ್ಷೆ ಮಾಡಿಸಿಟ್ಟರೆ ಮುಂದೆ ಹೋಲಿಸಲು ಅನುಕೂಲ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಆರೋಗ್ಯ ಇಲಾಖೆ ಶುರು ಮಾಡಿದ ಮೆದುಳಿನ ಆರೋಗ್ಯ ಯೋಜನೆಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಲಿನಿಕ್‌ಗಳಿವೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ತುರ್ತಿನ ಮಾತು ಒಂದಿದೆ. ಮುಖ ಒಂದು ಕಡೆ ವಾಲಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಹಿಂದೆಂದೂ ಬರದಂಥ ತಲೆನೋವು ಧಡೀರನೆ ಬಂದರೆ 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಹೆಚ್ಚಿನ ಆಸ್ಪಿರಿನ್ ಬಾಯಿಗೆ ಹಾಕಬೇಡಿ. ಅದು ಹೃದಯಾಘಾತಕ್ಕೆ ಹೇಳುವ ಉಪಾಯ. ಸ್ಟ್ರೋಕ್‌ನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ಎಂದು ಸ್ಕ್ಯಾನ್ ಆಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹತ್ತಕ್ಕಿಂತ ಜಾಸ್ತಿ ಮೈಕ್ರೋಬ್ಲೀಡ್ ಇದ್ದರೆ ಅದರ ಅಪಾಯ ಏರುತ್ತದೆ. ಹತ್ತರೊಳಗಿದ್ದರೆ ಸಾಮಾನ್ಯವಾಗಿ ಕೊಡಬಹುದು. ನಿಮ್ಮ ತಂದೆಗೆ ಎಂಟು. ಆದ್ದರಿಂದ ರಿಪೋರ್ಟ್‌ನ ಫೋಟೊ ನಿಮ್ಮ ಫೋನ್‌ನಲ್ಲಿ ಇರಲಿ.

ಮತ್ತೆ ಮತ್ತೆ ಎಂಆರ್‌ಐ ಮಾಡಿಸುವ ಅಗತ್ಯವಿಲ್ಲ. ಹೊಸ ಲಕ್ಷಣ ಬಂದರೆ, ಅಥವಾ ಔಷಧಿ ಬದಲಾಯಿಸುವ ದೊಡ್ಡ ತೀರ್ಮಾನವಿದ್ದರೆ ಮಾಡಿಸಿ. ಆಗ ಆದಷ್ಟೂ ಅದೇ ಬಗೆಯ ಯಂತ್ರದಲ್ಲಿ ಮಾಡಿಸಿ. ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ. 1.5 ಟೆಸ್ಲಾ ಯಂತ್ರದಲ್ಲಿ ಎಂಟು ಕಂಡದ್ದು 3 ಟೆಸ್ಲಾ ಯಂತ್ರದಲ್ಲಿ ಹನ್ನೆರಡಾಗಿ ಕಾಣಬಹುದು. ಕಾಯಿಲೆ ಬೆಳೆದಿಲ್ಲದೆಯೂ ಸಂಖ್ಯೆ ಬೆಳೆಯುತ್ತದೆ.

ಕೊನೆಗೆ ನಿಮ್ಮ ವಿಷಯ. ಕುಟುಂಬದಲ್ಲೇ ಹರಿದು ಬರುವ ಕೆಲವು ಅಪರೂಪದ ಕಾಯಿಲೆಗಳಲ್ಲಿ ಮೈಕ್ರೋಬ್ಲೀಡ್ ಕಾಣುತ್ತದೆ. ಮನೆಯಲ್ಲಿ ಹಲವರಿಗೆ ಐವತ್ತರ ಒಳಗೇ ಸ್ಟ್ರೋಕ್, ಫಿಟ್ಸ್ ಅಥವಾ ಮರೆವು ಬಂದಿದ್ದರೆ ಮಾತ್ರ ಆ ದಿಕ್ಕಿನಲ್ಲಿ ಯೋಚಿಸಬೇಕು. ನಿಮ್ಮ ತಂದೆಯದು ಅಂಥದಲ್ಲ. ಅವರಿಂದ ನಿಮಗೆ ಬರಬಹುದಾದದ್ದು ಬಿಪಿಯ ಒಲವು. ಅದಕ್ಕೆ ನಿಮಗೆ ಎಂಆರ್‌ಐ ಬೇಡ. ತಂದೆಗೆಂದು ಯಂತ್ರ ತಂದ ಮೇಲೆ ನೀವೂ ನಿಮ್ಮ ಒಡಹುಟ್ಟಿದವರೂ ಒಂದು ವಾರ ಅದೇ ಕ್ರಮದಲ್ಲಿ ಬಿಪಿ ನೋಡಿ ಬರೆದುಕೊಳ್ಳಿ. ಸರಾಸರಿ 135/85 ಅಥವಾ ಅದಕ್ಕಿಂತ ಮೇಲೆ ಬಂದರೆ ತಂದೆಯನ್ನು ಕರೆದುಕೊಂಡು ಹೋಗುವ ದಿನವೇ ನಿಮ್ಮ ಚೀಟಿಯನ್ನೂ ವೈದ್ಯರ ಮುಂದೆ ಇಡಿ.